ಕಣ್ಣೆತ್ತಿದರೆ ಹೌದು

ನನ್ನ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅತ್ತೆ ಹೇಳುತ್ತಿದ್ದರು, ಗಂಡ ಹೇಳುತ್ತಾರೆ, ಈಗ ಮಗಳೂ ಹೇಳಲು ಕಲಿತಿದ್ದಾಳೆ. ಹೇಳಲಿ ಬಿಡಿ. ಇದನ್ನು ಬರೆಯುತ್ತಿರುವಾಗಲೂ ನನಗೆ ಸಿಟ್ಟಿದೆ. ಆ ಸಿಟ್ಟಿನಿಂದ ಯಾರಿಗೂ ಕವಡೆ ಕಾಸಿನ ಉಪಯೋಗವಾಗಲಿಲ್ಲ ಎನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಮೈ ಸೆಟೆದುಕೊಂಡ ಮಕ್ಕಳಿರುತ್ತಾರಲ್ಲ, ಅವರ ಕೈಕಾಲು ಪಳಗಿಸುವುದು ನನ್ನ ಕೆಲಸ. ಫಿಸಿಯೋಥೆರಪಿ ಎನ್ನುತ್ತಾರೆ. ಜಹೀರಾಬಾದಿನ ನಮ್ಮ ಓಣಿಯಲ್ಲಿ ನಾನು ‘ಕಾಲು ತಿಕ್ಕೋ ಮೇಡಂ’. ಒಂದೇ ಸಂಸ್ಥೆಗೆ ಮೂರು ಊರಲ್ಲಿ ಜಾಗಗಳಿದ್ದವು: ಜಹೀರಾಬಾದಿನಲ್ಲಿ ಹಗಲು ಮಾತ್ರ ನಡೆಯುವ ಕೇಂದ್ರ, ನಾರಾಯಣಖೇಡದಲ್ಲಿ ಕಿವುಡ ಮಕ್ಕಳ ಶಾಲೆ, ತಾಂಡೂರಿನಲ್ಲಿ ಮಕ್ಕಳು ಅಲ್ಲೇ ಉಳಿಯುವ ವಸತಿಗೃಹ. ವಾರದಲ್ಲಿ ಆಯಾ ದಿನ ಆಯಾ ಊರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸಿನಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ.

ನಮ್ಮದು ತೆಲುಗು ಸೀಮೆಗೆ ಸೇರಿದ ಗಡಿ; ಇಲ್ಲಿಯ ಭಾಷೆಯ ವಿಷಯ ಒಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ ಉರ್ದು. ದವಾಖಾನೆಯಲ್ಲಿ ಡಾಕ್ಟರು ತೆಲುಗಿನಲ್ಲಿ ಕೇಳಿದರೆ ಮುದುಕಿಗೆ ಪಕ್ಕದ ರೋಗಿಯೇ ಕನ್ನಡದಲ್ಲಿ ಹೇಳುತ್ತಾನೆ. ಬಸ್ ನಿಲ್ದಾಣದಲ್ಲಿ, ತಹಸೀಲಿಯಲ್ಲಿ, ಅಂಗಡಿ ಕಟ್ಟೆಯಲ್ಲಿ ಇದು ದಿನವಿಡೀ ನಡೆಯುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ನಮಗೆ ಕೆಲಸವೇ ಅಲ್ಲ. ಪಂಕ್ತಿಯಲ್ಲಿ ಉಪ್ಪು ಈಚೆ ಕೊಡಿ ಎಂದರೆ ಯಾರು ಕೊಟ್ಟರೆಂದು ನೋಡುತ್ತೇವೆಯೇ? ಹಾಗೆಯೇ ಮಾತು ಯಾರು ದಾಟಿಸಿದರೆಂದು ನಾವು ಯಾರೂ ನೋಡುವುದಿಲ್ಲ.

ತಾಂಡೂರಿನ ವಸತಿಗೃಹ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದೆ ಇತ್ತು. ಬಾಗಿಲು ತೆರೆದರೆ ಕಲ್ಲಿನ ಧೂಳು ಒಳಗೆ. ಆದರೂ ನೆಲ ಥಳಥಳ ಎನ್ನುತ್ತಿತ್ತು, ಮಕ್ಕಳ ತಲೆಗೆ ಎಣ್ಣೆ, ಹಣೆಗೆ ವಿಭೂತಿ. ಅದೆಲ್ಲ ವಾರ್ಡನಳ ಕೈಗುಣ. ಚಿಕ್ಕವರು ದೊಡ್ಡವರು ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಮ್ಮ ಹಾಗೆಯೇ ಲಿಂಗ ಕಟ್ಟಿದ ಮನೆತನ, ಬಾಯಿ ತೆರೆದರೆ ಬೆಲ್ಲ. ನಾನು ಹೋದ ದಿನ ನನಗೆಂದೇ ಬಿಸಿ ರೊಟ್ಟಿ, ಝುಣಕ ಮುಚ್ಚಿಡುತ್ತಿದ್ದಳು. ಬೇಡ ಎಂದರೆ ಬಿಡುತ್ತಿರಲಿಲ್ಲ. ಆ ರೊಟ್ಟಿ ಚೆನ್ನಾಗಿಯೇ ಇರುತ್ತಿತ್ತು.

ಅಲ್ಲಿ ಒಬ್ಬಳು ಹುಡುಗಿ ಇದ್ದಳು, ಎಂಟೊಂಬತ್ತು ವರ್ಷದವಳು, ಬಶೀರಾಬಾದಿನ ಹತ್ತಿರದ ಹಳ್ಳಿಯವಳು. ಕೈಕಾಲು ಅವಳ ಮಾತು ಕೇಳುವುದಿಲ್ಲ, ಬಾಯಿಂದ ಮಾತಿಲ್ಲ, ತುತ್ತು ನುಂಗುವುದೂ ಕಷ್ಟ. ಬುದ್ಧಿ ಮಾತ್ರ ಚುರುಕು. ಕೂಸಿದ್ದಾಗ ಹಾಲು ಬೇಕಾದರೆ ಕಣ್ಣು ಮೇಲಕ್ಕೆತ್ತುತ್ತಿದ್ದಳಂತೆ. ಅವಳ ತಾಯಿ, ಅಕ್ಷರ ಬಾರದ ಕೂಲಿ ಹೆಂಗಸು, ಅದನ್ನು ಗಮನಿಸಿ ಅದರಿಂದಲೇ ಒಂದು ಮಾತು ಕಟ್ಟಿಕೊಟ್ಟಿದ್ದಳು. ಕಣ್ಣೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. ಕೇಳುವುದು ಕನ್ನಡದಲ್ಲೇ ಆಗಬೇಕು, ಮಗುವಿಗೆ ತೆಲುಗು ತಿಳಿಯುತ್ತಿರಲಿಲ್ಲ.

ತಾಯಿ ಇದನ್ನು ನನಗೂ ಕಲಿಸಿದಳು. ಕಲಿತ ಮೇಲೆ ನೋಡಬೇಕಿತ್ತು ನಮ್ಮಿಬ್ಬರ ಹರಟೆ. ‘ಇವತ್ತ ನಾ ಛಂದ ಕಾಣಸ್ತೀನೇನ?’ ಎಂದರೆ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದಳು. ‘ಹೊಸಾ ಸೀರಿ ಅದರೀ ಮೇಡಂನವರದು, ಈಗ?’ ಎಂದರೂ ಮುಚ್ಚಿಯೇ ಇರುತ್ತಿದ್ದಳು. ಆಮೇಲೆ ಹೊಟ್ಟೆ ಕುಣಿಯುತ್ತಿತ್ತು. ಅವಳ ನಗು ಹೊಟ್ಟೆಯಲ್ಲಿ ಬರುತ್ತಿತ್ತು, ತುಟಿಯಲ್ಲಿ ಅಲ್ಲ. ತುಟಿ ಅಗಲವಾಗಿ ಹಲ್ಲು ಕಂಡಿತೆಂದರೆ ಅದು ಹೆದರಿಕೆ. ಹೆದರಿದಾಗ ಅವಳ ಇಡೀ ಮೈ ಸೆಟೆದು, ಬಾಯಿ ಎರಡೂ ಕಡೆಗೆ ಎಳೆದುಕೊಂಡು, ಕಣ್ಣುಗುಡ್ಡೆ ತಾನಾಗಿಯೇ ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಬಂದ ಹೋದವರು ಎಷ್ಟು ಚೆಂದ ನಗುತ್ತಾಳೆ ಎನ್ನುತ್ತಿದ್ದರು. ಅಲ್ಲರೀ, ಅದು ನಗುವಲ್ಲ ಎಂದು ನಾನು ಹೇಳಿ ಹೇಳಿ ಸೋತಿದ್ದೆ.

ಒಂದು ದಿನ ಅವಳ ಕತ್ತು ಸಡಿಲ ಮಾಡಲೆಂದು ಮುಖ ನನ್ನ ಕಡೆ ತಿರುಗಿಸಿಕೊಂಡೆ. ದವಡೆಯ ಕೆಳಗೆ ಒಂದು ಬದಿ ಹೆಬ್ಬೆರಳಿನ ಗುರುತು, ಇನ್ನೊಂದು ಬದಿ ಉಳಿದ ಬೆರಳುಗಳದ್ದು, ನೀಲಿಯಾಗಿತ್ತು. ಕೆಳತುಟಿಯ ಒಳಗೆ ಚಮಚ ತಾಗಿ ಹರಿದಿತ್ತು. ಬಾಯಿ ಹಿಡಿದು ಅಗಲಿಸಿ ಅನ್ನ ತುರುಕಿದರೆ ಮಾತ್ರ ಹಾಗಾಗುತ್ತದೆ. ಇಂಥ ಮಕ್ಕಳಿಗೆ ಹಾಗೆ ತುರುಕಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ, ಜೀವವೇ ಹೋಗುತ್ತದೆ.

‘ಬಿದ್ದಿಯೇನವಾ?’ ಎಂದೆ. ಕಣ್ಣು ಮುಚ್ಚಿದಳು. ‘ಉಣಸೂವಾಗ ಆಗ್ಯಾದೇನ?’ ಕಣ್ಣು ಎತ್ತಿದಳು. ‘ಹೊಡೀತಾರೇನ?’ ಎತ್ತಿದಳು. ಅಡುಗೆಯವಳೇನ ಎಂದೆ, ಮುಚ್ಚಿದಳು. ಬಟ್ಟೆ ಒಗೆಯುವವಳೇನ ಎಂದೆ, ಮುಚ್ಚಿದಳು. ಮುಂದಿನ ಹೆಸರು ಕೇಳಲು ನನಗೇ ಬಾಯಿ ಬರಲಿಲ್ಲ. ಕೊನೆಗೆ ‘ಅಕ್ಕಾನೇನ?’ ಎಂದೆ. ಕಣ್ಣು ಎತ್ತಿದವಳು ಬಹಳ ಹೊತ್ತು ಇಳಿಸಲಿಲ್ಲ. ಮೈ ಸೆಟೆದಿರಲಿಲ್ಲ, ಕೈ ನನ್ನ ಕೈಯಲ್ಲಿ ಮೆತ್ತಗೆ ಇತ್ತು. ಅವಳು ಹೌದು ಎನ್ನುತ್ತಿದ್ದಳು, ಅಷ್ಟೇ.

ಆ ಹೊತ್ತಿನಿಂದ ನನಗೆ ಬೇಕಾದದ್ದು ಒಂದೇ, ಆ ಕೂಸು ಆಕೆಯ ಕೈಯಿಂದ ತಪ್ಪಬೇಕು.

ಮೊದಲು ಸಂಸ್ಥೆ ನಡೆಸುವ ಹಿರಿಯರ ಹತ್ತಿರ ಜಹೀರಾಬಾದಿನ ಅವರ ಮನೆಗೇ ಹೋದೆ. ದೊಡ್ಡ ಮನುಷ್ಯರು, ಚಹಾ ತರಿಸಿದರು, ಕೊನೆಯವರೆಗೂ ಕೇಳಿದರು. ‘ಖರೆ ಇರಬಹುದ್ರಿ. ಒಮ್ಮೊಮ್ಮೆ ಕೈ ಎತ್ತಿರಬಹುದು. ನೀವೂ ಮಕ್ಕಳ ತಾಯಿ, ನೀವು ಹೊಡದಿಲ್ಲೇನು? ಎಲ್ಲಾರೂ ಕೂತು ಮಾತಾಡಿ ರಾಜಿ ಮಾಡೂಣು. ಮನಿ ಮಾತು ಹೊರಗ ಒಯ್ಯೂದು ಯಾಕ?’ ಎಂದರು. ಇದು ನಿಮ್ಮ ಮನೆಯಲ್ಲ ಎಂದೆ. ‘ಆಕಿ ನಮ್ಮಾಕಿ ಅದಾಳ, ನೀವೂ ನಮ್ಮವರು’ ಎಂದರು. ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ನಾರಾಯಣಖೇಡದ ಶಾಲೆಯಲ್ಲಿ ಕೈಸನ್ನೆಯ ಪಾಠ ಹೇಳುವ ಟೀಚರಮ್ಮ ನನ್ನ ಗೆಳತಿ. ಆಕೆಗೆ ಎಲ್ಲ ಹೇಳಿ, ಸರಕಾರಕ್ಕೆ ಫೋನ್ ಮಾಡುತ್ತೇನೆ ಎಂದೆ. ಆಕೆ ಬಾಗಿಲು ಮುಂದೆ ಮಾಡಿ ಬಂದು, ‘ನಿಮ್ಮ ಕಾಲಿಗಿ ಬೀಳ್ತೀನಿ, ಫೋನ್ ಮಾಡಬ್ಯಾಡ್ರಿ. ನಮ್ಮದೂ ಕೆಲಸ ಹೋಗ್ತದ’ ಎಂದಳು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದೇ ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅನುಮಾನ ಬಂದರೂ ಸಾಕು, ಸಾಕ್ಷಿ ಕೂಡಿಹಾಕುವುದು ನಿಮ್ಮ ಕೆಲಸವಲ್ಲ ಎಂದು ಆ ಕಡೆಯ ಹೆಂಗಸು ತೆಲುಗಿನಲ್ಲಿ ಎಷ್ಟು ಸಮಾಧಾನವಾಗಿ ಹೇಳಿದಳೆಂದರೆ ನನಗೆ ಅಳು ಬಂತು. ಯಾರು ಮಾಡಿದ್ದು, ಯಾವ ಮಗು, ಕಣ್ಣಿನ ಮಾತು ಹೇಗೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅಂತೂ ಆತು, ಇನ್ನು ಕೂಸು ಬದುಕಿತು ಎಂದುಕೊಂಡೇ ಬಸ್ಸು ಹತ್ತಿದೆ.

ವಿಚಾರಣೆಗೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದಳು. ನಾನು ತಾಂಡೂರಿನಲ್ಲಿ ಇರುವ ದಿನವೇ ಬಂದಳು. ಸಣ್ಣ ವಯಸ್ಸಿನ ತೆಲುಗು ಹುಡುಗಿ. ಒಳ್ಳೆಯವಳೇ ಎಂದು ಈಗಲೂ ಹೇಳುತ್ತೇನೆ. ಬಂದವಳು ಕುರ್ಚಿ ಬೇಡವೆಂದು ನೆಲಕ್ಕೆ ಕೂತು, ಮಗುವಿನ ಮುಖಕ್ಕೆ ಮುಖ ಕೊಟ್ಟು, ಇಲ್ಲಿ ನಿನ್ನನ್ನು ಯಾರಾದರೂ ಹೊಡೆಯುತ್ತಾರಾ ತಾಯೀ ಎಂದು ತೆಲುಗಿನಲ್ಲಿ ಕೇಳಿದಳು. ಮಗುವಿಗೆ ತಿಳಿಯಲಿಲ್ಲ, ನನ್ನ ಕಡೆ ನೋಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ವಾರ್ಡನ್ ಬಗ್ಗಿ, ಮಗುವಿನ ಭುಜದ ಮೇಲೆ ಕೈಯಿಟ್ಟು, ‘ಅವ್ವಾ, ಮೇಡಂ ಕೇಳಾಕತ್ಯಾರ, ನಿನಗ ಇಲ್ಲಿ ಛಲೋ ಅದಲ್ಲಾ?’ ಎಂದಳು.

ಆ ಕೋಣೆಯಲ್ಲಿ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ. ಒಬ್ಬರು ತೆಲುಗಿನಲ್ಲಿ ಕೇಳಿದರು, ಪಕ್ಕದಲ್ಲಿದ್ದವರು ಕನ್ನಡಕ್ಕೆ ದಾಟಿಸಿದರು. ಹುಟ್ಟಿದಾಗಿನಿಂದ ಕಂಡದ್ದೇ. ಅಡುಗೆಯವಳು ತಲೆಯಾಡಿಸಿದಳು. ನನಗೂ ಒಂದು ಕ್ಷಣ ತಟ್ಟಲಿಲ್ಲ.

ಮಗು ಕಣ್ಣು ಮುಚ್ಚಿತು. ಗಟ್ಟಿಯಾಗಿ ಮುಚ್ಚಿತು, ರೆಪ್ಪೆ ನಡುಗುವ ಹಾಗೆ. ಇಲ್ಲ ಎಂದು ಅಷ್ಟು ಜನರ ಎದುರಿಗೆ, ಹೆಗಲ ಮೇಲೆ ಆಕೆಯ ಕೈ ಇರುವಾಗಲೇ ಹೇಳಿತು. ಅಷ್ಟು ಧೈರ್ಯ ನನಗಿಲ್ಲ. ನಾನು ಫೋನಿನಲ್ಲಿ ಹೇಳಿದ ಕಣ್ಣಿನ ಮಾತು ಅಧಿಕಾರಿಯವರೆಗೆ ಮುಟ್ಟಿರಲಿಲ್ಲ; ಪಾಪ, ನಾಚಿಕೊಂಡಳು ಎಂದಳು.

ಆಗ ನನ್ನ ತಲೆಗೆ ಬೆಂಕಿ ಬಿತ್ತು. ‘ಯಾರ ಮ್ಯಾಲ ಹೇಳೀನೋ ಅವರೇ ಕೇಳೂದೇನ್ರಿ? ಕೇಳಿದ ಮಾತೂ ಬ್ಯಾರೆ! ಕೈ ತೆಗೀರಿ ಆಕಿ ಮ್ಯಾಲಿಂದ!’ ಎಂದು ಕೂಗಿದೆ. ತೆಲುಗಿನಲ್ಲೂ ಕೂಗಿದೆ. ಮಕ್ಕಳೆಲ್ಲ ಬೆದರಿದರು. ನಾನು ಕೂಗಿದ್ದಕ್ಕೇ ನನ್ನ ಹುಡುಗಿಯ ಮೈ ಸೆಟೆಯಿತು. ಬಾಯಿ ಎಳೆದುಕೊಂಡು ಹಲ್ಲು ಕಂಡವು, ಕಣ್ಣುಗುಡ್ಡೆ ಮೇಲೆ ಹೋಗಿ ನಿಂತಿತು. ವಾರ್ಡನ್ ಒಂದು ಮಾತೂ ಜೋರಾಗಿ ಆಡಲಿಲ್ಲ. ‘ನೋಡ್ರಿ ಮೇಡಂ, ನಗಾಕತ್ಯಾಳ’ ಎಂದಳು.

ಕಣ್ಣೆತ್ತಿದರೆ ಹೌದು, ಮುಚ್ಚಿದರೆ ಇಲ್ಲ ಎಂದು ಅಧಿಕಾರಿಗೆ ತಿಳಿಸಿ, ನಾನೇ ಕೇಳುತ್ತೇನೆ ಎಂದೆ. ದೂರು ಕೊಟ್ಟವರು ಕೇಳಬಾರದು ಎಂದಳು ಅಧಿಕಾರಿ. ನ್ಯಾಯವೇ. ಹೊರಗಿನಿಂದ ಯಾರನ್ನಾದರೂ ಕರೆಯಿರಿ, ಈ ಊರಲ್ಲಿ ಕನ್ನಡ ಬರುವವರಿಗೆ ಬರವೇ, ಕಲ್ಲಿನ ಶೆಡ್ಡಿನಲ್ಲಿ ಕೇಳಿದರೆ ಹತ್ತು ಜನ ಬರುತ್ತಾರೆ ಎಂದೆ. ಮಗುವಿನ ವಿಷಯ ಬೀದಿಗೆ ತರಬಾರದು ಎಂದಳು. ಅದೂ ನ್ಯಾಯವೇ. ಕೊನೆಗೆ ವಾರ್ಡನಳನ್ನು ಬಾಗಿಲ ಹತ್ತಿರ ನಿಲ್ಲಿಸಿ ಅಡುಗೆಯವಳ ಕೈಲಿ ಕೇಳಿಸಿದರು. ಅಡುಗೆಯವಳು ಬಾಗಿಲ ಕಡೆ ಒಮ್ಮೆ ನೋಡಿ, ‘ನಿನಗ ಹೊಡೀತಾರೇನ?’ ಎಂದು ಕೇಳಿದಳು. ಕಣ್ಣು ಮೇಲೆಯೇ ಇತ್ತು. ನೋಡಿ, ಹೌದು ಎನ್ನುತ್ತಿದ್ದಾಳೆ ಎಂದೆ. ಅಧಿಕಾರಿ ಜಾಣೆ. ಪರೀಕ್ಷೆಗೆಂದು, ಈಗ ರಾತ್ರಿಯಾ ಎಂದು ಕೇಳಿ ಎಂದಳು. ‘ಈಗ ರಾತ್ರಿ ಆಗ್ಯಾದೇನ?’ ಎಂದಳು ಅಡುಗೆಯವಳು. ಕಿಟಕಿಯಲ್ಲಿ ಹಾಡಹಗಲಿನ ಬಿಸಿಲು. ಮಗುವಿನ ಕಣ್ಣು ಮೇಲೆಯೇ ಇತ್ತು.

ಅವಳು ನನ್ನನ್ನು ನೋಡಲು ಒದ್ದಾಡುತ್ತಿದ್ದಳು, ಕಣ್ಣು ಕೆಳಗೆ ಬರುತ್ತಿರಲಿಲ್ಲ. ಮೈ ಕಟ್ಟಿಹಾಕಿತ್ತು. ನನಗೆ ಅದು ಕಾಣುತ್ತಿತ್ತು. ಇನ್ನು ಯಾರಿಗೆ ಕಾಣಬೇಕು? ಆಕೆಯನ್ನು ಹೊರಗೆ ಕಳಿಸಿ, ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಮೈ ಬಿಡುವ ತನಕ ಕಾಯೋಣ ಎಂದು ಕೈ ಮುಗಿದೆ. ಅಧಿಕಾರಿ ಕಾದಳು, ಇಲ್ಲವೆನ್ನಲಾರೆ. ಆದರೆ ಅಕ್ಕ ಬಾಗಿಲ ಆಚೆಯೇ ಇದ್ದಳು, ಬಳೆಯ ಸದ್ದು ಕೇಳುತ್ತಿತ್ತು. ಮೈ ಬಿಡಲಿಲ್ಲ. ದವಡೆಯ ಗುರುತು ವಿಚಾರಣೆ ಬರುವಷ್ಟರಲ್ಲೇ ಮಾಸಿತ್ತು. ಅಧಿಕಾರಿಗೆ ಇನ್ನೊಂದು ಊರಿನಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಮುಂದಿನ ಸಲ ಇಂಥ ಮಕ್ಕಳ ಮಾತು ತಿಳಿಯುವ ತಜ್ಞರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಹೋದಳು. ಆ ಮುಂದಿನ ಸಲ ಇನ್ನೂ ಬಂದಿಲ್ಲ.

ಅದಾದ ಮೇಲೆ ಹಿರಿಯರು ನನ್ನನ್ನು ಬಯ್ಯಲಿಲ್ಲ. ‘ತಾಂಡೂರು ನಿಮಗ ದೂರ ಆಗ್ತದ್ರಿ, ತ್ರಾಸ ಬ್ಯಾಡ. ಜಹೀರಾಬಾದು, ನಾರಾಯಣಖೇಡ ಅಷ್ಟೇ ನೋಡಕೋರಿ’ ಎಂದರು. ವಾರ್ಡನ್ ಯಾರ ಕೈಲೋ ಹೇಳಿ ಕಳಿಸಿದಳು, ನನಗ ಮನಸಿನ್ಯಾಗ ಏನೂ ಇಲ್ಲ, ರೊಟ್ಟಿ ತಿನ್ನಾಕ ಬರ್ರಿ ಎಂದು. ಸಹಾಯವಾಣಿಗೆ ಮತ್ತೆ ಫೋನ್ ಮಾಡಿದೆ. ವಿಚಾರಣೆ ಆಗಿದೆ, ಮಗು ಸುರಕ್ಷಿತ ಎಂದು ಬಂದಿದೆ ಎಂದರು. ಮತ್ತೆ ಮಾಡಿದೆ. ಫೋನ್ ಇಟ್ಟ ಮೇಲೆ ನನ್ನ ದನಿ ನನಗೇ ಜಗಳಗಂಟಿಯ ದನಿಯ ಹಾಗೆ ಕೇಳಿಸಿತು.

ತಾಯಿಯನ್ನು ಹುಡುಕಿಕೊಂಡು ಬಶೀರಾಬಾದಿನ ಬಸ್ಸು ಹತ್ತಿದೆ. ಆಕೆ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಬದುವಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಇಷ್ಟು ಜನರಲ್ಲಿ ಮರುಮಾತಿಲ್ಲದೆ ನಂಬಿದವಳು ಅವಳೊಬ್ಬಳೇ. ‘ಖರೆ ಅದ್ರಿ. ನನ್ನ ಮಗಳು ಸುಳ್ಳ ಹೇಳಂಗಿಲ್ಲ’ ಎಂದಳು. ಹಾಗಾದರೆ ಕರೆದುಕೊಂಡು ಬಾ ಎಂದೆ.

‘ತಂದು ಎಲ್ಲಿ ಇಡ್ಲಿ? ನಾ ಹೊಲಕ್ಕ ಬಂದರ ಆಕಿ ಮಂಚದ ಮ್ಯಾಲ ಒಬ್ಬಾಕಿನೇ ಇರ್ತಾಳ. ಹೋದ ಸಲ ಇರವಿ ಹತ್ತಿದ್ವು, ಮುಖದ ತುಂಬ. ಒದರಾಕ ಬಾಯಿಲ್ಲ. ಬ್ಯಾರೆ ಜಾಗಾ ತೋರಸ್ರಿ ಮೇಡಂ, ಇವತ್ತೇ ಎತಗೊಂಡ ಬರ್ತೀನಿ.’

ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವುದಕ್ಕೆ ನನಗೇನು, ಬಾಯಿ ಇದೆಯಲ್ಲ. ಆಮೇಲೆ ತಿರುಗಿದ್ದೇ ತಿರುಗಿದ್ದು. ನಮ್ಮ ಜಹೀರಾಬಾದಿನ ಕೇಂದ್ರ ಸಂಜೆಗೆ ಬೀಗ ಹಾಕುತ್ತದೆ. ಖೇಡದ ಶಾಲೆ ಕಿವುಡರಿಗೆ ಮಾತ್ರ. ದೂರದ ಊರುಗಳಿಗೂ ಫೋನ್ ಮಾಡಿದೆ. ಎಲ್ಲ ಕಡೆ ಮೊದಲು ಇಷ್ಟೇ ಕೇಳುತ್ತಾರೆ: ತನ್ನ ಕೈಯಿಂದ ಉಣ್ಣುತ್ತಾಳಾ, ತಾನೇ ಹೊರಗೆ ಹೋಗಿ ಬರುತ್ತಾಳಾ? ಇಲ್ಲ ಎಂದರೆ ಜಾಗ ಇಲ್ಲ. ಪಸ್ತಾಪುರದ ಕಡೆ ಸಿರಿಧಾನ್ಯ ಬೆಳೆಯುವ ಹೆಂಗಸರ ಸಂಘದಲ್ಲೂ ಹೋಗಿ ಕೂತೆ. ತಾಯಿಗೆ ಕೆಲಸ ಕೊಡುತ್ತೇವೆ, ಮಗುವನ್ನು ಹಿಡಿಯುವವರು ಯಾರು ಎಂದರು. ನನ್ನ ಮನೆಗೇ ಒಯ್ಯಲೇ ಎಂದು ಆ ಅಧಿಕಾರಿಯನ್ನೇ ಕೇಳಿದೆ. ಹಾಗೆ ಮಕ್ಕಳನ್ನು ಒಯ್ಯಲು ಕಾನೂನು ಬಿಡುವುದಿಲ್ಲ ಮೇಡಂ ಎಂದಳು. ಕಾನೂನು ಬಿಟ್ಟಿದ್ದರೆ ಒಯ್ಯುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ನನ್ನ ಗಂಡ ಆ ಮಾತು ಕೇಳಿ ಎದ್ದು ಹೊರಗೆ ಹೋದದ್ದು ಮಾತ್ರ ನೆನಪಿದೆ.

ಸುಗ್ಗಿ ಮುಗಿದ ಮೇಲೆ ಬರಿಗೈಯಲ್ಲಿ ಮತ್ತೆ ಆ ಹಳ್ಳಿಗೆ ಹೋದೆ. ತಾಯಿ ಮನೆಯ ಮುಂದೆ ಕೂತು ತೊಗರಿ ಕೇರುತ್ತಿದ್ದಳು. ನನ್ನನ್ನು ಕಂಡು ಎದ್ದು ನೀರು ಕೊಟ್ಟಳು. ಜಾಗ ಸಿಗಲಿಲ್ಲ ಎಂದು ನಾನು ಹೇಳುವ ಮೊದಲೇ ಆಕೆಗೆ ನನ್ನ ಮುಖದಲ್ಲಿ ತಿಳಿದಿತ್ತು.

‘ನಾ ತಾಂಡೂರಿಗಿ ಹೋಗಿದ್ದೆನ್ರಿ. ಅಕ್ಕನ ಕಾಲ ಹಿಡಕೊಂಡೆ. ಮೇಡಂ ಹೇಳಿದ್ದು ಸುಳ್ಳು, ಮಾಫ್ ಮಾಡ್ರಿ, ಕೂಸಿನ ಮ್ಯಾಲ ಸಿಟ್ಟ ಇಟಗೋಬ್ಯಾಡ್ರಿ ಅಂದೆ. ನಿಮ್ಮ ಮ್ಯಾಲ ಹಾಕಿದೆ. ತಪ್ಪ ತಿಳ್ಕೋಬ್ಯಾಡ್ರಿ.’

ತಪ್ಪು ತಿಳಿಯುವುದೇನು ಬಂತು? ನಾನಾಗಿದ್ದರೂ ಹಿಡಿಯುತ್ತಿದ್ದೆ. ಮಗು ಹೇಗಿದೆ ಎಂದೆ.

‘ಸೊರಗ್ಯಾಳ. ನೀವು ಕೇಳಿ ಹೋದ ಮ್ಯಾಲ ಭಾಳ ತ್ರಾಸ ಆಗ್ಯಾದ ಆಕಿಗಿ. ಇನ್ನ ಯಾರೂ ಬಂದು ಕೇಳೂದು ಬ್ಯಾಡ್ರಿ. ನೀವೂ ಬರಬ್ಯಾಡ್ರಿ.’ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ‘ಬರೂ ಮುಂದ ಆಕಿ ಕಿವಿಯಾಗ ಹೇಳಿ ಬಂದೀನಿ. ಅವ್ವಾ, ಇನ್ನ ಮ್ಯಾಲ ಯಾರ ಏನ ಕೇಳಿದರೂ ಕಣ್ಣ ಎತ್ತಬ್ಯಾಡ, ಮುಚ್ಚಬ್ಯಾಡ, ಸುಮ್ಕ ಇರು, ನಾ ಕೇಳಿದರೂ ಸುಮ್ಕ ಇರು ಅಂದೆ. ತಿಳೀತೇನ ಅಂದೆ.’

ಏನಂದಳು ಎಂದು ಕೇಳಿದೆ.

‘ಕಣ್ಣ ಎತ್ತಿದ್ಳು’ ಎಂದಳು ತಾಯಿ.